ಬಾಗಿಲಲ್ಲೇ ಒಡೆದ ಲಕೋಟೆ



ಸಕ್ಕರೆ ಕಾಯಿಲೆಯ ಬಗ್ಗೆ ಬರೆದುಕೊಡುತ್ತೇನೆಂದು ಸಂಪಾದಕರಿಗೆ ಮಾತು ಕೊಟ್ಟು ಎರಡು ಸಂಚಿಕೆಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಈಗ ಅದನ್ನೂ ಬಿಟ್ಟು ಕಂಪ್ಯೂಟರಿನ ವಿಷಯಕ್ಕೆ ಕೈ ಹಾಕಿದ್ದೇನೆ. ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ಮಂದಿ ಸಾಫ್ಟ್‌ವೇರಿನವರು. ಅವರ ಮುಂದೆ ಡಾಕ್ಟರು ಇದನ್ನು ಬರೆಯುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಆದರೆ ನನ್ನನ್ನು ಕಾಡಿದ್ದು ಗುಟ್ಟಿನ ಪ್ರಶ್ನೆ. ಗುಟ್ಟು ಕಾಯುವುದು ನನ್ನ ಕಸುಬು.

ನಾನು ಕೆಲಸ ಮಾಡುವ ಆಸ್ಪತ್ರೆಯ ಒಂದು ಸಮಿತಿಯಲ್ಲಿ ನಾನೂ ಇದ್ದೇನೆ. ಒಂದು ದಿನ ಕಾರ್ಯಸೂಚಿಯ ಕೊನೆಯಲ್ಲಿ, ಎಲ್ಲರೂ ಗಡಿಯಾರ ನೋಡುತ್ತಿದ್ದ ಹೊತ್ತಿಗೆ, ಒಂದು ಸಾಲು ಬಂತು: ನಮ್ಮ ಸರ್ವರುಗಳಿಗೆ ಹೊರಗಿನಿಂದ ಬರುವ ಎನ್‌ಕ್ರಿಪ್ಟ್ ಆದ ಸಂದೇಶಗಳನ್ನು ಇನ್ನು ಮುಂದೆ ಫೈರ್‌ವಾಲ್‌ನಲ್ಲೇ ಬಿಚ್ಚಿ ಪರೀಕ್ಷಿಸಲಾಗುವುದು. ಎಲ್ಲರೂ ಒಪ್ಪಿದರು. ನಾನೂ ಕೈ ಎತ್ತಿದೆ. ನಿಜ ಹೇಳುತ್ತೇನೆ, ನನಗೆ ಒಂದಕ್ಷರ ಅರ್ಥವಾಗಿರಲಿಲ್ಲ.

ಅರ್ಥವಾದದ್ದು ನಮ್ಮ ಯುಗಾದಿ ಊಟದ ಸಾಲಿನಲ್ಲಿ. ನನ್ನ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಹುಡುಗನ ಕೆಲಸವೇ ಇದು ಎಂದು ತಿಳಿದು ಕೇಳಿದೆ. "ಅಂಕಲ್, ಬಹಳ ಸುಲಭ" ಎಂದು ಶುರುಮಾಡಿದವನು ಪಾಯಸ ಮುಗಿಯುವ ತನಕ ಹೇಳಿದ. ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ನೀವು ಮನೆಯಲ್ಲಿ ಕೂತು ಆಸ್ಪತ್ರೆಗೋ ಬ್ಯಾಂಕಿಗೋ ಕಂಪ್ಯೂಟರಿನಲ್ಲಿ ಏನಾದರೂ ಬರೆದರೆ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋಗುತ್ತದೆ. ದಾರಿಯಲ್ಲಿ ಯಾರಿಗೂ ಅದು ಕಾಣದು. ಪೆಟ್ಟಿಗೆ ಸರಿಯಾದ ವಿಳಾಸಕ್ಕೇ ಹೋಗುತ್ತಿದೆ ಎಂಬುದಕ್ಕೆ ಆಧಾರ ಆಸ್ಪತ್ರೆಯ ಸರ್ಟಿಫಿಕೇಟು ಮತ್ತು ಅದರ ಜೋಡಿಯಾದ, ಆಸ್ಪತ್ರೆಯ ಬಳಿ ಮಾತ್ರ ಇರಬೇಕಾದ ಖಾಸಗಿ ಕೀಲಿ. ಬಾಗಿಲಲ್ಲಿ ನಿಂತ ಫೈರ್‌ವಾಲ್ ಎಂಬ ಕಾವಲುಗಾರನಿಗೂ ಪೆಟ್ಟಿಗೆ ಮಾತ್ರ ಕಾಣುತ್ತದೆ, ಒಳಗಿರುವುದು ಕಾಣದು. ಒಳಗೆ ಹಾವಿದ್ದರೂ ಗೊತ್ತಾಗದು. ಆದ್ದರಿಂದ ಆಸ್ಪತ್ರೆ ತನ್ನ ಕೀಲಿಯ ಇನ್ನೊಂದು ಪ್ರತಿಯನ್ನು ಅವನ ಕೈಗೇ ಕೊಡುತ್ತದೆ.

ಮೊದಲಾದರೆ ಕಾವಲುಗಾರ ಪಕ್ಕದಲ್ಲಿ ನಿಂತು ನೋಡಿದರೆ ಸಾಕಿತ್ತು. ಆ ಒಂದು ಕೀಲಿಯಿಂದ ಎಲ್ಲ ಮಾತುಕತೆಯೂ ತೆರೆಯುತ್ತಿತ್ತು. ಈಚೆಗೆ ಪ್ರತಿ ಮಾತುಕತೆಗೂ ಹೊಸ ಕೀಲಿ ಹುಟ್ಟಿ ಅಲ್ಲೇ ಸಾಯುವ ಪದ್ಧತಿ ಬಂದಿದೆ. 2018ರಲ್ಲಿ ಹೊರಬಂದ ಟಿ.ಎಲ್.ಎಸ್. 1.3 ಎಂಬ ನಿಯಮಾವಳಿ ಹಳೆಯ ರೀತಿಯನ್ನು ಕೈಬಿಟ್ಟಿತು. ಹಾಗಾಗಿ ಈಗ ಕಾವಲುಗಾರ ನಡುವೆಯೇ ಕೂರಬೇಕು. ನಿಮ್ಮೊಡನೆ "ನಾನೇ ಆಸ್ಪತ್ರೆ" ಎಂದು ಮಾತಾಡಿ, ಬಿಚ್ಚಿ, ನೋಡಿ, ಮತ್ತೆ ಬೀಗ ಹಾಕಿ ಒಳಗಿನ ಸರ್ವರಿಗೆ ದಾಟಿಸಬೇಕು.

ಇದು ಬೇಕೆ? ಬೇಕು ಎನ್ನುವುದಕ್ಕೆ ಹುಡುಗ ಕೊಟ್ಟ ಉದಾಹರಣೆ ನನಗೆ ಹಿಡಿಸಿತು. 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ, ಜಗತ್ತಿನ ಅಸಂಖ್ಯಾತ ಸರ್ವರುಗಳೊಳಗಿದ್ದ ಒಂದು ಸಣ್ಣ ತಂತ್ರಾಂಶದಲ್ಲಿ ದೊಡ್ಡ ತೂತೊಂದು ಪತ್ತೆಯಾಯಿತು. ಸಂದೇಶದ ನಡುವೆ ಒಂದೇ ಒಂದು ಸಾಲು ಸೇರಿಸಿ ಕಳಿಸಿದರೆ ಸಾಕು, ಸರ್ವರು ಕಳ್ಳನ ಮಾತು ಕೇಳುತ್ತಿತ್ತು. ಆ ಸಾಲು ಬೀಗದ ಪೆಟ್ಟಿಗೆಯೊಳಗೆ ಬಂದರೆ, ಬಿಚ್ಚಿ ನೋಡದ ಕಾವಲುಗಾರ ಸಲಾಮು ಹೊಡೆದು ಒಳಗೆ ಬಿಡುತ್ತಿದ್ದ. ಡಾಕ್ಟರಾದ ನಾನು ಇದನ್ನು ಅಲ್ಲಗಳೆಯಲಾರೆ. ಹೊಟ್ಟೆಯೊಳಗೆ ಕೀವು ಇದೆಯೋ ಇಲ್ಲವೋ ನೋಡಬೇಕಾದರೆ ಕೆಲವೊಮ್ಮೆ ಹೊಟ್ಟೆ ತೆರೆಯಲೇಬೇಕು. (ಎಲ್ಲ ಕಳ್ಳರೂ ಇದರಿಂದ ಸಿಗುವುದಿಲ್ಲ ಎನ್ನುವುದೂ ನಿಜ. 2024ರ ಫೆಬ್ರವರಿಯಲ್ಲಿ ಚೇಂಜ್ ಹೆಲ್ತ್‌ಕೇರ್‌ಗೆ ನುಗ್ಗಿದವರು ಕದ್ದ ಪಾಸ್‌ವರ್ಡ್ ಹಿಡಿದು ಮುಂಬಾಗಿಲಿನಿಂದಲೇ ಬಂದಿದ್ದರು. ದೇಶದ ಡಾಕ್ಟರುಗಳ ಬಿಲ್ಲುಗಳೆಲ್ಲ ವಾರಗಟ್ಟಲೆ ಕೆಟ್ಟು ಕೂತದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ.)

ಹೊಟ್ಟೆ ತೆರೆಯುವ ಮುಂಚೆ ನಾವು ರೋಗಿಯ ಸಹಿ ಪಡೆಯುತ್ತೇವೆ. ಇಲ್ಲಿ ಸಹಿ ಯಾರದು?

ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಜ್ಜಿಗೆ ಓದು ಬರುತ್ತಿರಲಿಲ್ಲ. ಬೊಂಬಾಯಿಯಲ್ಲಿದ್ದ ಚಿಕ್ಕಪ್ಪನ ನೀಲಿ ಇನ್‌ಲ್ಯಾಂಡ್ ಪತ್ರ ಬಂದರೆ ಪೋಸ್ಟ್‌ಮ್ಯಾನ್ ಜಗಲಿಯ ಮೇಲೆ ಕೂತು, ಒಂದು ಲೋಟ ಮಜ್ಜಿಗೆ ಕುಡಿದು, "ಒಡೀಲಾ ಅಮ್ಮಾ?" ಎಂದು ಕೇಳಿಯೇ ಒಡೆಯುತ್ತಿದ್ದ. ಊರಿನ ಅರ್ಧ ಮನೆಗಳ ಗುಟ್ಟು ಅವನ ಹೊಟ್ಟೆಯಲ್ಲಿತ್ತು. ಒಂದೂ ಹೊರಗೆ ಬಂದದ್ದು ನಾನು ಕೇಳಿಲ್ಲ. ಆದರೆ ಗಮನಿಸಿ: ಅಜ್ಜಿಗೆ ಓದು ಬರುವುದಿಲ್ಲ ಎನ್ನುವುದು ಚಿಕ್ಕಪ್ಪನಿಗೆ ಗೊತ್ತಿತ್ತು. ನಡುವೆ ಇನ್ನೊಬ್ಬ ಓದುತ್ತಾನೆಂದು ತಿಳಿದೇ ಅವರು ಬರೆಯುತ್ತಿದ್ದರು. ಸಾಲದ ವಿಷಯ, ಸಂಸಾರದ ಜಗಳ, ಅದೆಲ್ಲ ಊರಿಗೆ ಬಂದಾಗ ಅಡಿಗೆಮನೆಯಲ್ಲಿ.

ನಮ್ಮ ಫೈರ್‌ವಾಲ್‌ನ ವಿಷಯದಲ್ಲಿ ಇಲ್ಲದಿರುವುದು ಇದೇ. ಹುಡುಗ ಹೇಳಿದ ಒಂದು ಮಾತು ನನಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ಕಂಪನಿಯೊಂದು ತನ್ನ ನೌಕರರು ಹೊರಗೆ ಕಳಿಸುವುದನ್ನು ಬಿಚ್ಚಿ ನೋಡಿದರೆ, ಅಲ್ಲಿ ಬದಲಿ ಸರ್ಟಿಫಿಕೇಟು ಬಳಸಬೇಕಾಗುತ್ತದೆ, ಬಲ್ಲವನು ಪತ್ತೆ ಹಚ್ಚಬಹುದು. ಆದರೆ ಒಳಬರುವುದನ್ನು ಬಿಚ್ಚುವಾಗ ಬಳಸುವುದು ಆಸ್ಪತ್ರೆಯದೇ ಅಸಲಿ ಸರ್ಟಿಫಿಕೇಟು, ಅಸಲಿ ಕೀಲಿ. ಬರೆಯುವವನ ಪರದೆಯ ಮೇಲೆ ಆ ಪುಟ್ಟ ಬೀಗದ ಚಿತ್ರ ಮೊದಲಿನಂತೆಯೇ ಕೂತಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಆದರೂ ಬರೆದವನಿಗೆ ತಿಳಿಯುವ ದಾರಿಯೇ ಇಲ್ಲ.

ಕೆಲವು ತಿಂಗಳ ಹಿಂದೆ ನನ್ನ ರೋಗಿಯೊಬ್ಬಳು (ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ) ಆಸ್ಪತ್ರೆಯ ಪೋರ್ಟಲ್‌ನಲ್ಲಿ ತನ್ನ ಗಂಡನಿಗೂ ಹೇಳದ ಒಂದು ವಿಷಯ ಬರೆದಿದ್ದಳು. ಕೊನೆಯಲ್ಲಿ ಕೇಳಿದ್ದಳು: ಇದನ್ನು ನೀವೊಬ್ಬರೇ ಓದುತ್ತೀರಿ ತಾನೆ? ನಾನು ಹೌದು ಎಂದು ಉತ್ತರಿಸಿದ್ದೆ. ನಮ್ಮ ನರ್ಸ್ ಓದುತ್ತಾಳೆ ಎನ್ನುವುದು ನನಗೆ ಗೊತ್ತಿತ್ತು. ಅವಳೂ ನನ್ನಂತೆಯೇ ಮಾತಿಗೆ ಕಟ್ಟುಬಿದ್ದವಳು, ಅದನ್ನು ನಾನು ಎಣಿಸಲಿಲ್ಲ. ಈಗ ಈ ಯಂತ್ರ. "ಯಂತ್ರ ಓದುವುದಿಲ್ಲ ಅಂಕಲ್, ಹೋಲಿಸುತ್ತೆ ಅಷ್ಟೆ" ಎಂದ ಹುಡುಗ. ಸರಿ. ಆದರೆ ಅದಕ್ಕೆ ಅನುಮಾನ ಬಂದರೆ ಆ ಸಂದೇಶದ ತುಣುಕನ್ನು ತೆಗೆದಿಡುವಂತೆ ಮಾಡಬಹುದಂತೆ. ತೆಗೆದಿಟ್ಟದ್ದನ್ನು ನೋಡುವವನು ಮನುಷ್ಯ. ಅವನು ಯಾವ ಪ್ರತಿಜ್ಞೆ ತೆಗೆದುಕೊಂಡಿದ್ದಾನೆ? ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದಾಗ ರೋಗಿಯ ಗುಟ್ಟು ಕಾಯುತ್ತೇನೆಂದು ಹೇಳಿದವನು ನಾನು, ಅವನಲ್ಲ.

ಕೀಲಿಯ ಪ್ರತಿ ಎನ್ನುವುದೂ ಸಣ್ಣ ಮಾತಲ್ಲ. ಟೆಕ್ಸಾಸಿನಲ್ಲಿ ಲಾವಬಿಟ್ ಎಂಬ ಈಮೇಲ್ ಸೇವೆಯಿತ್ತು. 2013ರಲ್ಲಿ ಸರ್ಕಾರ ಒಬ್ಬನೇ ಒಬ್ಬ ಗ್ರಾಹಕನ ಮೇಲೆ ಕಣ್ಣಿಟ್ಟು ಅದರ ಕೀಲಿಯನ್ನೇ ಕೇಳಿತು. ಕೀಲಿ ಕೊಟ್ಟರೆ ತೆರೆಯುವುದು ಸುಮಾರು 4 ಲಕ್ಷ ಜನರ ಪತ್ರ. ಮಾಲೀಕ ಲಡಾರ್ ಲೆವಿಸನ್ ಮೊದಲು ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ 11 ಪುಟ ಅಚ್ಚು ಹಾಕಿಸಿ ಕೊಟ್ಟ! ನ್ಯಾಯಾಲಯ ದಿನಕ್ಕೆ 5,000 ಡಾಲರ್ ದಂಡ ಹಾಕಿತು. ಕೊನೆಗೆ ಸರಿಯಾದ ರೂಪದಲ್ಲಿ ಕೊಟ್ಟು, ಆಗಸ್ಟಿನಲ್ಲಿ ಅಂಗಡಿಯನ್ನೇ ಮುಚ್ಚಿದ. ಅವನು ಮಾಡಿದ್ದೆಲ್ಲ ಸರಿ ಎನ್ನುವುದಿಲ್ಲ. ಆದರೆ ಕೀಲಿ ತನ್ನದಾದರೂ ಗುಟ್ಟು ತನ್ನದಲ್ಲ ಎನ್ನುವುದು ಆತನಿಗೆ ಗೊತ್ತಿತ್ತು.

ಪತ್ರ ಆಸ್ಪತ್ರೆಯ ವಿಳಾಸಕ್ಕೆ ಬಂದದ್ದು, ಒಡೆಯುವ ಹಕ್ಕು ಆಸ್ಪತ್ರೆಗಿದೆ, ಇದನ್ನು ಒಪ್ಪುತ್ತೇನೆ. ನನ್ನ ತಕರಾರು ಒಡೆಯುವುದಕ್ಕಲ್ಲ, ಹೇಳದೆ ಒಡೆಯುವುದಕ್ಕೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿದೆ. ಕೀಲಿಯ ಪ್ರತಿ ಎಲ್ಲಿರುತ್ತದೆ? ಪ್ರತಿ ಮಾಡದೆ, ಕೀಲಿಯನ್ನು ಪ್ರತ್ಯೇಕ ಭದ್ರ ಯಂತ್ರದಲ್ಲೇ ಇಟ್ಟು ಅಲ್ಲಿಂದಲೇ ಬಳಸುವ ವ್ಯವಸ್ಥೆ ಇದೆಯಂತಲ್ಲ, ಅದು ನಮಗೇಕಿಲ್ಲ? ತೆಗೆದಿಟ್ಟ ತುಣುಕುಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ? ಪೋರ್ಟಲ್‌ನಲ್ಲಿ ಬರೆಯುವ ಜಾಗದ ಮೇಲೆ ಎರಡು ಸಾಲು, ನಿಮ್ಮ ಸಂದೇಶವನ್ನು ಭದ್ರತೆಗಾಗಿ ತೆರೆದು ಪರೀಕ್ಷಿಸಲಾಗುತ್ತದೆ ಎಂದು, ಯಾಕೆ ಹಾಕಬಾರದು?

ಮೊದಲನೆಯದಕ್ಕೆ ಹಣ ಬೇಕು ಎಂದರು. ಎರಡನೆಯದಕ್ಕೆ ನಾಲ್ಕು ಜನರ ಹೆಸರು, 30 ದಿನ ಎಂದು ಬರೆದುಕೊಂಡರು. ಮೂರನೆಯದಕ್ಕೆ ಒಬ್ಬರು, ಹೀಗೆ ಹೆದರಿಸಿದರೆ ರೋಗಿಗಳು ಬರೆಯುವುದನ್ನೇ ನಿಲ್ಲಿಸುತ್ತಾರೆ ಎಂದರು. ಆ ಎರಡು ಸಾಲು ಈಗಲೂ ವಕೀಲರ ಹತ್ತಿರ ಇದೆ.

ಆ ರೋಗಿಗೆ ಮಾತ್ರ ನಾನೇ ಫೋನ್ ಮಾಡಿ, ಹಿಂದೆ ಕೊಟ್ಟ ಉತ್ತರ ಪೂರ್ತಿ ಸರಿಯಲ್ಲ ಎಂದು, ನರ್ಸಿನಿಂದ ಯಂತ್ರದ ತನಕ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಳು. ಆಮೇಲೆ ಪೋರ್ಟಲ್‌ನಲ್ಲಿ ಅವಳು ಔಷಧಿ ಮುಗಿದದ್ದನ್ನು ಬಿಟ್ಟು ಬೇರೇನೂ ಬರೆದಿಲ್ಲ. ಉಳಿದದ್ದನ್ನು ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಬಂದು ಹೇಳುತ್ತಾಳೆ.