ಧೂಮವೂ ಧ್ಯಾನವೂ

ಯಾದಗಿರಿ ಸೀಮೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾದ ಪೊಟ್ಟಣವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುವ ಭಕ್ತನು ಬಯಸುವುದು ಚಿತ್ತಸ್ಥೈರ್ಯವನ್ನು. ಪತಂಜಲಿಯೂ ಯೋಗಸೂತ್ರದ ನಾಲ್ಕನೆಯ ಪಾದದ ಮೊದಲಲ್ಲೇ ಸಿದ್ಧಿಯ ಕಾರಣಗಳಲ್ಲಿ ಔಷಧಿಯನ್ನು ಎಣಿಸಿರುವನಾದರೂ (ಯಾವ ಔಷಧಿಯೆಂದು ಹೇಳದೆ ಜಾಣತನದಿಂದ ಸುಮ್ಮನಾಗಿರುವನು!), ದುಃಖ, ದೌರ್ಮನಸ್ಯ, ಅಂಗಕಂಪ, ಏರುಪೇರಾದ ಉಸಿರು ಇವೆಲ್ಲ ಚಿತ್ತವಿಕ್ಷೇಪದ ಒಡನಾಡಿಗಳೆಂದು ಮೊದಲ ಪಾದದಲ್ಲಿ ಅವನೇ ಹೇಳಿರುವುದನ್ನು ನೆನೆದಾಗ ನನಗೆ ಸಂಶಯ ಮೂಡುತ್ತದೆ, ಏಕೆಂದರೆ 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಸಂಗಡಿಗರು ಶುದ್ಧರೂಪದಲ್ಲಿ ಬೇರ್ಪಡಿಸಿದ ಆ ಗಿಡದ ಮಾದಕಸತ್ತ್ವವು, ಅಲ್ಪಪ್ರಮಾಣದಲ್ಲಿ ಕಳವಳವನ್ನು ತಣಿಸಬಲ್ಲುದಾದರೂ, ಪ್ರಮಾಣ ಮೀರಿದೊಡನೆ ಎದೆಬಡಿತವನ್ನೇರಿಸಿ ಅದೇ ಕಳವಳವನ್ನು ಇಮ್ಮಡಿಯಾಗಿ ಹಿಂದಿರುಗಿಸಬಹುದು. ಆಗ ಆಡುತ್ತಿದ್ದ ವಾಕ್ಯದ ಆದಿಯನ್ನೇ ಮರೆತು, "ಏನು ಹೇಳುತ್ತಿದ್ದೆ?" ಎಂದು ಪಕ್ಕದವನನ್ನು ಕೇಳುತ್ತ, ಮಣಿಕಟ್ಟನ್ನು ಹಿಡಿದು ತನ್ನ ನಾಡಿಯನ್ನೇ ಎಣಿಸುತ್ತ ಕುಳಿತವನ ಗಮನವೂ ಏಕಾಗ್ರವೇ ಸರಿ, ಹಾವನ್ನು ಕಂಡ ಕಪ್ಪೆಯಂತೆ.