ಮೂಳೆ ಬೆಳೆಸುವ ಪ್ರೋಟೀನು ಮತ್ತು ಅಹಿಂಸಾಣುವ್ರತ

ವ್ರತವನ್ನು ಸ್ವೀಕರಿಸಿದವನು ಅನ್ನಪಾನಗಳ ಮೂಲವನ್ನು ವಿಚಾರಿಸುವಂತೆ ಔಷಧದ ಮೂಲವನ್ನೂ ವಿಚಾರಿಸುವುದು ಸಹಜ. ಬೇರು, ತೊಗಟೆಗಳ ಕಷಾಯ ಗ್ರಾಹ್ಯ, ಜೇನು ಬೆರೆತ ಲೇಹ್ಯ ತ್ಯಾಜ್ಯ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಪ್ರಯೋಗಶಾಲೆಯಲ್ಲಿ ಹುಟ್ಟುವ ಇಂದಿನ ವಸ್ತುಗಳಿಗೆ ಅಂತಹ ಸಿದ್ಧ ಪಟ್ಟಿಯಿಲ್ಲ. ಅವುಗಳಲ್ಲಿ ಒಂದನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಹಿಂಸೆ ಇದೆಯೇ, ಇದ್ದರೆ ಎಲ್ಲಿದೆ ಎಂಬುದನ್ನು ಪರಾಮರ್ಶಿಸೋಣ.

ಅಮೆರಿಕದ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್ ೧೯೬೫ರಲ್ಲಿ ಒಂದು ವಿಸ್ಮಯಕರ ಸಂಗತಿಯನ್ನು ಪ್ರಕಟಿಸಿದರು. ಮೂಳೆಯ ಖನಿಜಾಂಶವನ್ನು ಆಮ್ಲದಿಂದ ಕರಗಿಸಿ, ಉಳಿದ ಭಾಗವನ್ನು ಪ್ರಾಣಿಯ ಮಾಂಸಖಂಡದೊಳಗೆ ಇರಿಸಿದರೆ, ಮೂಳೆಯೇ ಇರಬಾರದ ಆ ಸ್ಥಳದಲ್ಲಿ ಹೊಸ ಮೂಳೆ ಮೂಡುತ್ತಿತ್ತು. ಹೀಗೆ ಪ್ರೇರಿಸುವ ದ್ರವ್ಯಕ್ಕೆ ಮುಂದೆ ಬೋನ್ ಮಾರ್ಫೊಜೆನೆಟಿಕ್ ಪ್ರೋಟೀನ್, ಸಂಕ್ಷೇಪವಾಗಿ ಬಿ.ಎಂ.ಪಿ., ಎಂಬ ಹೆಸರಾಯಿತು. ಆದರೆ ಮೂಳೆಯಲ್ಲಿ ಅದರ ಪ್ರಮಾಣ ಅತ್ಯಲ್ಪ. ಕಿಲೋಗಟ್ಟಲೆ ದನದ ಮೂಳೆಯನ್ನು ಸಂಸ್ಕರಿಸಿದರೂ ದೊರೆಯುತ್ತಿದ್ದುದು ಮೈಕ್ರೊಗ್ರಾಂಗಳ ಲೆಕ್ಕದಲ್ಲಿ. ೧೯೮೮ರಲ್ಲಿ ಈ ಬಗೆಯ ಮಾನವ ಪ್ರೋಟೀನುಗಳ ಜೀನುಗಳನ್ನು ಪ್ರತ್ಯೇಕಿಸಿದ ಮೇಲೆ ಮಾರ್ಗ ಬದಲಾಯಿತು. ಜೀನನ್ನು ಬ್ಯಾಕ್ಟೀರಿಯಕ್ಕೋ, ಇಲಿಯನ್ನು ಹೋಲುವ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಜೀವಕೋಶಕ್ಕೋ ಸೇರಿಸಿದರೆ ಆ ಕೋಶವೇ ಪ್ರೋಟೀನನ್ನು ತಯಾರಿಸಿಕೊಡುತ್ತದೆ. ಇದನ್ನೇ ರೀಕಾಂಬಿನೆಂಟ್ ವಿಧಾನ ಎನ್ನುವರು. ಸಂಶೋಧನೆಯಲ್ಲಿ ಹೆಚ್ಚಾಗಿ ಬಳಕೆಯಾಗುವ ಬಿ.ಎಂ.ಪಿ.-೨ ಎಂಬುದು ತಲಾ ೧೧೪ ಅಮೈನೊ ಆಮ್ಲಗಳ ಎರಡು ಸರಪಳಿಗಳ ಜೋಡಿ.

ಹಾಗಾದರೆ ಇದು ನಿರ್ದೋಷವೇ? ಮಾನವ ಪ್ರೋಟೀನು ಎಂದ ಮಾತ್ರಕ್ಕೆ ಯಾರ ದೇಹದಿಂದಲೂ ತೆಗೆದುದಲ್ಲ. ಜೀನಿನ ಬರಹ ಮಾತ್ರ ಮಾನವನದು. ಹ್ಯಾಮ್‌ಸ್ಟರ್ ಕೋಶಗಳೂ ೧೯೫೭ರಲ್ಲಿ ಒಂದು ಹೆಣ್ಣು ಪ್ರಾಣಿಯ ಅಂಡಾಶಯದಿಂದ ಪಡೆದ ಕೋಶಗಳ ಸಂತತಿ. ಪ್ರತಿಸಲವೂ ಹೊಸ ಪ್ರಾಣಿ ಬೇಕಿಲ್ಲ. ಬ್ಯಾಕ್ಟೀರಿಯವನ್ನು ಏಕೇಂದ್ರಿಯಗಳ ಸಾಲಿನಲ್ಲಿ ಎಣಿಸುವುದು ರೂಢಿ. ತ್ರಸಹಿಂಸೆಯನ್ನು ತ್ಯಜಿಸಿ ಸ್ಥಾವರಹಿಂಸೆಯನ್ನು ಮಿತಗೊಳಿಸುವ ಗೃಹಸ್ಥನ ವ್ರತಕ್ಕೆ ಇದರಿಂದ ಭಂಗವಿಲ್ಲ ಎನ್ನಬಹುದು. ದನದ ಮೂಳೆಯ ರಾಶಿಯೊಂದಿಗೆ ಹೋಲಿಸಿದರೆ ಹಿಂಸೆ ಬಹಳಷ್ಟು ಕಡಿಮೆಯಾಗಿದೆ ಎಂಬುದನ್ನು ಒಪ್ಪಬೇಕು.

ಆದರೆ ಸರಪಳಿ ಅಲ್ಲಿಗೇ ಮುಗಿಯುವುದಿಲ್ಲ. ಸಂಶೋಧನೆಯ ಕೋಶಗಳನ್ನು ಬೆಳೆಸಲು ಇನ್ನೂ ಹುಟ್ಟದ ಕರುವಿನ ರಕ್ತದ ಸೀರಮನ್ನು ಬಳಸುವುದು ಬಹಳ ಕಾಲದ ವಾಡಿಕೆ. ಬೆನ್ನುಮೂಳೆಯ ಚಿಕಿತ್ಸೆಗಾಗಿ ಅಮೆರಿಕದಲ್ಲಿ ೨೦೦೨ರಲ್ಲಿ ಮಾನ್ಯತೆ ಪಡೆದ ಉತ್ಪನ್ನದಲ್ಲಿ ಈ ಪ್ರೋಟೀನನ್ನು ಹೀರಿ ಹಿಡಿದಿಡುವ ಸ್ಪಂಜು ದನದ ಕೊಲಾಜೆನ್ನಿನದು. ಪ್ರೋಟೀನಿಗೆ ಮೂಳೆ ಬೆಳೆಸುವ ಶಕ್ತಿಯುಂಟೇ ಎಂದು ಪರೀಕ್ಷಿಸಲು ಅದನ್ನು ಇಲಿಯ ಚರ್ಮದಡಿಯಲ್ಲಿ ಇಟ್ಟು ನೋಡುವ ಕ್ರಮವೂ ಇದೆ. ಪಕ್ವ ಬಿ.ಎಂ.ಪಿ.-೨ರ ಅಮೈನೊ ಆಮ್ಲಗಳ ಕ್ರಮ ಮನುಷ್ಯನಲ್ಲಿಯೂ ಇಲಿಯಲ್ಲಿಯೂ ಒಂದೇ. ನಮ್ಮ ಮೂಳೆಯನ್ನು ಕಟ್ಟುವ ದ್ರವ್ಯವೇ ಅದರ ಮೂಳೆಯನ್ನೂ ಕಟ್ಟುತ್ತದೆ. ಯಾವ ಸಾಮ್ಯದಿಂದ ಆ ಜೀವಿ ನಮಗೆ ಉಪಯುಕ್ತವಾಯಿತೋ ಆ ಸಾಮ್ಯವೇ ಅದರ ನೋವನ್ನು ನಮಗೆ ನೆನಪಿಸಬೇಕಲ್ಲವೆ? ಸ್ವತಃ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ದ್ವಾರಗಳಲ್ಲಿ, ಔಷಧವನ್ನು ಕೊಳ್ಳುವವನು ಮೂರನೆಯದರ ಹೊಸ್ತಿಲಲ್ಲಿ ನಿಂತಿರುತ್ತಾನೆ.

ಇನ್ನೊಂದು ಮುಖವನ್ನೂ ನೋಡಬೇಕು. ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ತಾತ್ಪರ್ಯ. ಈ ಪ್ರೋಟೀನಿನ ಚರಿತ್ರೆ ಅದಕ್ಕೆ ಉದಾಹರಣೆಯಂತಿದೆ. ಮಾನ್ಯತೆಯಿಲ್ಲದ ಕುತ್ತಿಗೆಯ ಭಾಗದಲ್ಲಿ ಇದನ್ನು ಬಳಸಿದಾಗ ಗಂಟಲು ಊದಿ ಉಸಿರಾಟಕ್ಕೆ ಅಪಾಯವಾದ ಪ್ರಸಂಗಗಳ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೦೮ರಲ್ಲಿ ಎಚ್ಚರಿಕೆ ನೀಡಿತು. ತಯಾರಕರ ನೆರವಿನಿಂದ ನಡೆದ ೧೩ ಅಧ್ಯಯನಗಳು, ೭೮೦ ರೋಗಿಗಳಲ್ಲಿ ಈ ಪ್ರೋಟೀನಿನಿಂದ ಒಂದೇ ಒಂದು ದುಷ್ಪರಿಣಾಮವನ್ನೂ ವರದಿ ಮಾಡಿರಲಿಲ್ಲವೆಂದು ೨೦೧೧ರಲ್ಲಿ ದಿ ಸ್ಪೈನ್ ಜರ್ನಲ್ ಪತ್ರಿಕೆಯ ವಿಮರ್ಶೆ ತೋರಿಸಿ, ನಿಜವಾದ ಪ್ರಮಾಣ ಬಹಳ ಹೆಚ್ಚೆಂದು ಹೇಳಿತು. ಯೇಲ್ ವಿಶ್ವವಿದ್ಯಾಲಯದ ಮೂಲಕ ಎರಡು ಸ್ವತಂತ್ರ ತಂಡಗಳು ಸಮಗ್ರ ದತ್ತಾಂಶವನ್ನು ಪುನಃ ಪರಿಶೀಲಿಸಿ ೨೦೧೩ರಲ್ಲಿ ವರದಿ ನೀಡಿದವು. ರೋಗಿಯ ಸ್ವಂತ ಸೊಂಟದ ಮೂಳೆಯ ಕಸಿಗಿಂತ ಇದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ಇಲ್ಲಿ ರೋಗಿಗಳನ್ನು ಬಾಧಿಸಿದುದು ಬ್ಯಾಕ್ಟೀರಿಯವೂ ಅಲ್ಲ, ಹ್ಯಾಮ್‌ಸ್ಟರ್ ಕೋಶವೂ ಅಲ್ಲ. ಅವಸರದ ಬಳಕೆ ಮತ್ತು ಅಪೂರ್ಣ ಸತ್ಯ. ಮೂಲ ಶುದ್ಧವಾದರೂ ಸತ್ಯವ್ರತ ಸಡಿಲವಾದಲ್ಲಿ ಅಹಿಂಸೆ ನಿಲ್ಲುವುದಿಲ್ಲ.

ಆದುದರಿಂದ ವ್ರತಿಕನು ಮಾಡತಕ್ಕದ್ದೇನು? ಹೆಸರು ಕೇಳಿದೊಡನೆ ತ್ಯಾಜ್ಯವೆನ್ನುವುದು ಸುಲಭ. ಯಂತ್ರದಲ್ಲಿ ತಯಾರಾದುದೆಂದು ಕಣ್ಣುಮುಚ್ಚಿ ಸ್ವೀಕರಿಸುವುದು ಇನ್ನೂ ಸುಲಭ. ಎರಡೂ ಪ್ರಮಾದವೇ. ಈ ಚಿಕಿತ್ಸೆ ನನಗೆ ಅವಶ್ಯವೇ, ಬೇರೆ ಮಾರ್ಗವಿದೆಯೇ, ಇದರೊಡನೆ ಬರುವ ಇತರ ವಸ್ತುಗಳು ಯಾವುವು ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು. ಸ್ವಂತ ಮೂಳೆಯ ಕಸಿಯಲ್ಲಿ ಇನ್ನೊಂದು ಗಾಯವೂ ನೋವೂ ಉಂಟು. ಆದರೆ ಆ ನೋವು ತನ್ನದೇ. ಅದನ್ನು ಸಹಿಸುವ ಶಕ್ತಿಯಿದ್ದವನು ಅದನ್ನು ಆರಿಸಿಕೊಂಡರೆ ಶ್ಲಾಘ್ಯ. ಇಲ್ಲದವನನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ. ಇನ್ನು ನಮ್ಮ ಮನೆಗಳಿಂದ ಪ್ರಯೋಗಶಾಲೆಗೆ ಹೋಗಿರುವ ಯುವಕ ಯುವತಿಯರಿಗೆ ಹೇಳಬೇಕಾದುದು ಇಷ್ಟೆ: ಸೀರಮಿಲ್ಲದೆ ಸಾಧ್ಯವಾದಲ್ಲಿ ಸೀರಮನ್ನು ಬಿಡಿರಿ, ಕೋಶಗಳ ಮೇಲೆ ಮುಗಿಯುವ ಪರೀಕ್ಷೆಗೆ ಇಲಿಯನ್ನು ತರಬೇಡಿರಿ, ಕಂಡುದನ್ನು ಕಂಡಂತೆ ಬರೆಯಿರಿ. ಉಪವಾಸದ ದಿನ ನೀರನ್ನು ಸೋಸುವ ಎಚ್ಚರವೇ ಪ್ರಯೋಗದ ಮೇಜಿನ ಮೇಲೆಯೂ ಇರಲಿ.