ಜಾರಿದ ಕಾಲು, ಹಾಸಿದ ನೆಲ

ಕಳೆದ ಆಟಿ ತಿಂಗಳಲ್ಲಿ ನನ್ನ ಚಿಕ್ಕಮ್ಮ ಬಂಟ್ವಾಳದ ಬಿ.ಸಿ.ರೋಡಿನ ಒಂದು ಬಟ್ಟೆ ಅಂಗಡಿಯ ಬಾಗಿಲು ದಾಟಿ ಮೂರು ಹೆಜ್ಜೆ ಇಡುವಷ್ಟರಲ್ಲಿ ಜಾರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಬಿದ್ದಲ್ಲಿಂದಲೇ ಅವರು ಆಡಿದ ಮೊದಲ ಮಾತು, "ಎಂತ ಆಗ್ಲಿಲ್ಲ, ನಾನೇ ನೋಡದೆ ಕಾಲಿಟ್ಟದ್ದು." ಅಂಗಡಿಯ ಧಣಿಗಳು ಒಳ್ಳೆಯವರು. ಕುರ್ಚಿ ತಂದರು, ನೀರು ಕೊಟ್ಟರು, ರಿಕ್ಷಾ ಕರೆಸಿದರು. "ಎಂತ ಮಾಡುದಮ್ಮಾ, ಗ್ರಹಚಾರ. ಮಳೆಗಾಲ ಅಲ್ವಾ" ಎಂದರು. ತಪ್ಪಿನಲ್ಲಿ ಅರ್ಧ ಬಿದ್ದವರಿಗೆ, ಇನ್ನರ್ಧ ಮಳೆಗೆ ಹಂಚಿಹೋಯಿತು. ನೆಲದ ಮಾತನ್ನು ಯಾರೂ ಎತ್ತಲಿಲ್ಲ.

ಆ ನೆಲ ಹೊಳಪಿನ ವಿಟ್ರಿಫೈಡ್ ಟೈಲ್ಸಿನದು. ಒಣಗಿದ್ದಾಗ ಚೆಂದ. ಒದ್ದೆಯಾದರೆ ಚಪ್ಪಲಿಗೂ ಟೈಲ್ಸಿಗೂ ನಡುವೆ ನೀರು ತೆಳ್ಳಗೆ ನಿಲ್ಲುತ್ತದೆ. ಅಷ್ಟು ನಯವಾದ ಮೈಯಲ್ಲಿ ಅದಕ್ಕೆ ಸರಿಯಲು ಜಾಗವಿಲ್ಲ, ಕಾಲಿಗೆ ಹಿಡಿತವಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆ ನಮ್ಮದು. ಗಿರಾಕಿಗಳು ಕೊಡೆಯಿಂದ ನೀರು ತೊಟ್ಟಿಕ್ಕಿಸುತ್ತಲೇ ಒಳಗೆ ಬರುತ್ತಾರೆ ಎಂಬುದು ಯಾರಿಗೆ ಗೊತ್ತಿಲ್ಲ? ಮಳೆಯನ್ನು ಧಣಿಗಳು ಕರೆಯಲಿಲ್ಲ, ನಿಜ. ಟೈಲ್ಸನ್ನು ಆರಿಸಿದ್ದು ಅವರೇ. ಗಿರಾಕಿಯನ್ನು ಕರೆದದ್ದೂ ಅವರೇ.

ಕರೆದವರೇ ನೆಲದ ಹೊಣೆ ಹೊರಬೇಕು ಎಂಬ ಮಾತು ನಮ್ಮೂರಿಗೆ ಹೊಸದೇನಲ್ಲ. ಬೆಳ್ತಂಗಡಿಯ ಕಡೆಯ ತೋಟದ ಮನೆಗಳಲ್ಲಿ ಮಳೆ ಹಿಡಿಯುವ ಮೊದಲು ಅಂಗಳಕ್ಕೆ ಸೋಗೆಯನ್ನೋ ತೆಂಗಿನ ಮಡಲನ್ನೋ ಹಾಸುತ್ತಿದ್ದರು, ನಡೆಯುವಲ್ಲಿ ಸಿಗಿದ ಅಡಿಕೆ ಮರವನ್ನು ಇಡುತ್ತಿದ್ದರು. ಪಾಚಿ ಕಟ್ಟಿದ ಅಂಗಳದಲ್ಲಿ ಎಲ್ಲಿ ಕಾಲಿಡಬಾರದು ಎಂದು ಮನೆಯವರಿಗೆ ಗೊತ್ತು, ಬಂದ ನೆಂಟರಿಗೆ ಗೊತ್ತಿಲ್ಲ. ಹಾಗಾಗಿ ಹಾಸುವ ಕೆಲಸ ಗೊತ್ತಿದ್ದವರದು. ಹೊಣೆಯ ಬೇರು ಇರುವುದು ಈ ಅರಿವಿನಲ್ಲಿ ಎಂದು ನನಗನ್ನಿಸುತ್ತದೆ.

ಕೋರ್ಟುಗಳು ಕೂಡ ಇದೇ ದಾರಿಯಲ್ಲಿ ನಡೆದಿವೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ನಗರಪಾಲಿಕೆಯನ್ನೇ ಹೊಣೆ ಮಾಡಿತು. ಕಟ್ಟಡ ಪೂರ್ತಿ ಅದರ ಕೈಯಲ್ಲಿತ್ತು. ಅಂಗಡಿಯ ನೆಲಕ್ಕೆ ಇನ್ನೂ ಹತ್ತಿರದ್ದು ಇಂಗ್ಲೆಂಡಿನ ಟೆಸ್ಕೊ ಅಂಗಡಿಯ ಪ್ರಕರಣ. ಚೆಲ್ಲಿದ ಮೊಸರಿನ ಮೇಲೆ ಹೆಂಗಸೊಬ್ಬರು ಜಾರಿ ಬಿದ್ದರು. ಮೊಸರು ಎಷ್ಟು ಹೊತ್ತಿನಿಂದ ಅಲ್ಲಿತ್ತೆಂದು ಆಕೆ ಹೇಗೆ ಸಾಬೀತು ಮಾಡಬೇಕು? 1976ರಲ್ಲಿ ಮೇಲ್ಮನವಿ ನ್ಯಾಯಾಲಯದ ಬಹುಮತ ಆ ಭಾರವನ್ನು ಅಂಗಡಿಯ ಕಡೆಗೆ ತಿರುಗಿಸಿತು: ತಕ್ಕ ಎಚ್ಚರ ವಹಿಸಿದ್ದೆವೆಂದು ಅಂಗಡಿಯವರೇ ತೋರಿಸಲಿ. ನನಗೆ ಇದು ಬಹಳ ನ್ಯಾಯವಾಗಿ ಕಾಣುತ್ತದೆ. ಸಂಜೆಯೊಳಗೆ ನೆಲ ಒಣಗಿರುತ್ತದೆ. ಸಿಸಿ ಕ್ಯಾಮೆರಾ ಧಣಿಗಳದ್ದು, ಒರೆಸುವ ಹುಡುಗನೂ ಅವರ ಸಂಬಳದವನು. ಬಿದ್ದವರ ಕೈಯಲ್ಲಿ ಉಳಿಯುವುದು ಎಕ್ಸ್‌ರೇ ಮಾತ್ರ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಯ ಅರ್ಥದೊಳಗೆ ನಿರ್ಲಕ್ಷ್ಯವನ್ನೂ ಸೇರಿಸಿದೆ; ದೂರಿಗೆ ಎರಡು ವರ್ಷದ ಗಡುವಿದೆ. ಆದರೆ ಚಿಕ್ಕಮ್ಮ ಇನ್ನೂ ಏನನ್ನೂ ಕೊಂಡಿರಲಿಲ್ಲ. ಬಿಲ್ಲಿಲ್ಲದವರು ಗ್ರಾಹಕರೇ ಅಲ್ಲ ಎಂದು ವಕೀಲರು ವಾದಿಸಬಹುದು. ಹಾಗಾದರೆ ಉಳಿಯುವುದು ಬಂಟ್ವಾಳದ ಸಿವಿಲ್ ಕೋರ್ಟು, ವರ್ಷಗಟ್ಟಲೆ ಅಲೆದಾಟ. ಸೀರೆ ಕೊಂಡು ಹೊರಡುವಾಗ ಮುರಿದ ಕೈಗೂ ಕೊಳ್ಳಲು ಬರುವಾಗ ಮುರಿದ ಕೈಗೂ ವ್ಯತ್ಯಾಸ ಏನೆಂದು ನನಗೆ ಇನ್ನೂ ತಿಳಿದಿಲ್ಲ.

ಮೂಡುಬಿದಿರೆಯಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿರುವ ಗೆಳೆಯನೊಬ್ಬ ನನ್ನ ಮೇಲೆ ಸಿಟ್ಟಾದ. "ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಓಡಿಬಂದವರಿಗೂ ನಾನು ದುಡ್ಡು ಕೊಡುದಾ?" ಅವನ ಮಾತಿನಲ್ಲಿ ಹುರುಳಿದೆ. ಬಿದ್ದವರ ಪಾಲಿನ ತಪ್ಪನ್ನು ಅಳೆದು ಪರಿಹಾರದಲ್ಲಿ ಕಳೆಯುವುದನ್ನು ಕೋರ್ಟುಗಳು ಬಲ್ಲವು. ನಾನು ಕೇಳುವುದೂ ಪ್ರತಿ ಬೀಳುವಿಕೆಗೆ ಹಣವನ್ನಲ್ಲ. ಗೊತ್ತಿದ್ದ ಅಪಾಯಕ್ಕೆ ಕೈಯಲ್ಲಾಗುವಷ್ಟು ಮಾಡಿದ್ದೀರಾ ಎಂದಷ್ಟೇ ಕೇಳುತ್ತಿದ್ದೇನೆ. ಅವನ ಅಂಗಡಿಯ ಒರಟು ಸಿಮೆಂಟಿನ ನೆಲ, ಬಾಗಿಲಲ್ಲಿ ಮಡಚಿ ಹಾಸಿದ ಗೋಣಿ ನೋಡಿದರೆ, ಅವನು ಹೆದರಬೇಕಾದ್ದು ಬಹಳ ಕಡಿಮೆ.

ವಾರ ಕಳೆದು ಆಸ್ಪತ್ರೆಯ ಬಿಲ್ಲು ಹಿಡಿದು ನಾನು ಬಟ್ಟೆ ಅಂಗಡಿಗೆ ಹೋದೆ. ಬಾಗಿಲಿನಿಂದ ಕೌಂಟರಿನವರೆಗೆ ತೆಂಗಿನ ನಾರಿನ ಹೊಸ ಮ್ಯಾಟು ಹಾಸಿತ್ತು, ಕೊಡೆ ಇಡಲು ಬಕೆಟ್ಟೂ ಬಂದಿತ್ತು. ಅದನ್ನು ತಪ್ಪೊಪ್ಪಿಗೆ ಎಂದು ನಾನು ಹಿಡಿಯಲಿಲ್ಲ, ಹಿಡಿಯಲೂಬಾರದು. ಹಾಗೆ ಹಿಡಿದರೆ ನಾಳೆ ಯಾರೂ ಮ್ಯಾಟು ಹಾಸಲಾರರು. ಅದರ ಬೆಲೆ ಎಷ್ಟೆಂದು ಮಾತ್ರ ಕೇಳಿದೆ. ಧಣಿಗಳು ಹೇಳಿದರು. ಆಮೇಲೆ ನನ್ನ ಕೈಯ ಬಿಲ್ಲನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದರು.